ಆ ಜ್ವರಕ್ಕೂ ಒಂದು ಕಾಲಂ ಕೊಡಿ

ಇವರಿಗೆ,
ಜನರ ಆರೋಗ್ಯದ ಹೊಣೆ ಹೊತ್ತಿರುವ ಎಲ್ಲ ಹಿರಿಯರಿಗೆ

ವಿಷಯ: ಆನೆಕಾಲು ಇರುವವರಿಗೆ ಮೇಲಿಂದ ಮೇಲೆ ಬರುವ ನಂಜುಜ್ವರ, ಅದರ ಲೆಕ್ಕ ಮತ್ತು ಔಷಧದ ಕುರಿತು.

ಮಾನ್ಯರೆ,

ಭೀಮಾ ನದಿಯ ದಂಡೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುವುದು ನನ್ನ ಕೆಲಸ. ನನ್ನ ಅವ್ವನ ಎಡಗಾಲು ಆನೆಕಾಲಾಗಿ ಇಪ್ಪತ್ತಾರು ವರ್ಷವಾಯಿತು. ಆ ಕಾಲನ್ನು ಮೊದಲಿನಂತೆ ಮಾಡಿಕೊಡಿ ಎಂದು ನಾನು ಕೇಳುವುದಿಲ್ಲ. ಅದು ಆಗದ ಮಾತೆಂದು ಅವ್ವ ನನಗಿಂತ ಮೊದಲೇ ಒಪ್ಪಿಕೊಂಡಿದ್ದಾಳೆ. ನನ್ನ ದೂರು ಇರುವುದು ಆ ಕಾಲಿಗೆ ವರ್ಷದಲ್ಲಿ ಐದಾರು ಸಲ ಬಂದು ಅಡರುತ್ತಿದ್ದ ಜ್ವರದ ಬಗ್ಗೆ. ತಡೆಯಬಹುದಾದ ಜ್ವರ ಅದು. ತಡೆಯಲು ಬೇಕಾದ ಸಾಮಾನು ಕಿರಾಣಿ ಅಂಗಡಿಯಲ್ಲಿ, ಔಷಧದ ಅಂಗಡಿಯ ಮೊದಲ ಕಪಾಟಿನಲ್ಲೇ ಸಿಗುತ್ತದೆ. ಆದರೂ ನಮ್ಮ ಭಾಗದ ಆರೋಗ್ಯ ಕೇಂದ್ರದಲ್ಲಿ ನಾನು ನೋಡಿದ ಯಾವ ವಹಿಯಲ್ಲೂ ಆ ಜ್ವರಕ್ಕೆ ಒಂದು ಕಾಲಂ ಇಲ್ಲ.

ಈ ಜ್ವರವನ್ನು ಕಾಣದವರಿಗೆ ಅದು ಹೇಗೆ ಬರುತ್ತದೆಂದು ಹೇಳಬೇಕು. ಬೆಳಿಗ್ಗೆ ತೊಗರಿ ಹೊಲಕ್ಕೆ ಕಸ ತೆಗೆಯಲು ಹೋದವಳು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ "ಸಂದ್ಯಾಗ ಗಂಟು ಎದ್ದದ" ಅನ್ನುತ್ತಾಳೆ. ತೊಡೆಸಂದಿಯ ಆ ಗಂಟು ಮುಟ್ಟಿದರೆ ಜೀವ ಹೋಗುವಂಥ ನೋವು. ತಾಸಿನೊಳಗೆ ನಡುಕ ಹತ್ತುತ್ತದೆ. ಎರಡು ಕೌದಿ, ಮೇಲೊಂದು ಕಂಬಳಿ ಹೊದಿಸಿ, ಅದರ ಮೇಲೆ ನಾನು ಅದುಮಿ ಹಿಡಿದರೂ ಮಂಚ ಅಲುಗಾಡುವಷ್ಟು ನಡುಕ. ಅದು ನಿಂತ ಮೇಲೆ ಮೈ ಕೆಂಡ. ಮೊಣಕಾಲ ಕೆಳಗೆ ಕಾಲು ಕೆಂಪಗೆ ಬಿಗಿದು ಹೊಳೆಯುತ್ತದೆ, ಸೀರೆಯ ಅಂಚು ತಾಗಿದರೂ ಚೀರುತ್ತಾಳೆ. ನಾಲ್ಕು ದಿನ, ಒಮ್ಮೊಮ್ಮೆ ಏಳು ದಿನ ಹೀಗೆ. ಆಮೇಲೆ ಚರ್ಮ ಸಿಪ್ಪೆಯಂತೆ ಸುಲಿದು ಬಾವು ಇಳಿಯುತ್ತದೆ, ಆದರೆ ಪೂರಾ ಇಳಿಯುವುದಿಲ್ಲ. ಒಂದೊಂದು ಜ್ವರವೂ ಒಂದೊಂದು ಪದರ ಬಾವನ್ನು ಕಾಲಲ್ಲಿ ಬಿಟ್ಟೇ ಹೋಗುತ್ತದೆ. ಅವ್ವನ ಕಾಲು ಇವತ್ತು ಇಷ್ಟು ದಪ್ಪಗೆ, ತೊಗಟೆಯಂತೆ ಒರಟಾಗಿರುವುದು ಹೀಗೆ ಪದರಪದರವಾಗಿ ಕೂಡಿಕೊಂಡದ್ದು.

ಆ ದಿನಗಳ ಕೂಲಿ ಹೋಗುತ್ತದೆ. ಆಕೆಯನ್ನು ನೋಡಿಕೊಳ್ಳಲು ನಿಂತವರ ಕೂಲಿಯೂ ಹೋಗುತ್ತದೆ. ಸುಗ್ಗಿಯಲ್ಲಿ ಗುಂಪು ಕಟ್ಟಿಕೊಂಡು ಹೋಗುವ ಹೆಂಗಸರು ಎರಡು ಸಲ ಕಾದು ನೋಡಿ, ಮೂರನೆಯ ಸಲ ಕರೆಯುವುದನ್ನೇ ಬಿಡುತ್ತಾರೆ. ಅವರದ್ದು ತಪ್ಪೆಂದು ನಾನು ಹೇಳಲಾರೆ.

"ಅಮಾಸಿ ಹತ್ರ ಬಂತು, ಜ್ವರ ಬರ್ತದ" ಎಂದು ಅವ್ವ ಮೊದಲೇ ಹೇಳುತ್ತಿದ್ದಳು. ಊರಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಹುಣ್ಣಿಮೆ ಅಮಾವಾಸ್ಯೆಗೆ ಆನೆಕಾಲಿನ ಜ್ವರ ಏರುತ್ತದೆ ಅಂತ. ಅದೊಂದು ದೊಡ್ಡ ರೋಗದ ಸಣ್ಣ ಗುಣ, ಬಂದಷ್ಟು ಬಂದು ಹೋಗಲಿ ಎಂದು ಒಪ್ಪಿಕೊಂಡ ಮಾತು ಅದು. ನಾನೂ ಒಪ್ಪಿಕೊಂಡಿದ್ದೆ. ಸೊಳ್ಳೆಯ ಜೀವನಚಕ್ರವನ್ನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸುವವಳು ನಾನು. ಮನೆಯಲ್ಲಿ ಮಲಗಿದ್ದ ಅವ್ವನ ಕಾಲಿನ ಬೆರಳುಗಳನ್ನು ಮಾತ್ರ ಒಂದು ದಿನವೂ ಬಿಡಿಸಿ ನೋಡಿರಲಿಲ್ಲ. ಈ ಕಾಗದದಲ್ಲಿ ಇನ್ನೊಬ್ಬರ ಮೇಲೆ ದೂರು ಹೇಳುವ ಮೊದಲು ನನ್ನ ಪಾಲಿನ ಈ ತಪ್ಪನ್ನು ಬರೆಯಬೇಕು ಅನಿಸಿತು.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಬಂದದ್ದು ತಮಗೆ ನೆನಪಿರಬಹುದು. ಮಹಾರಾಷ್ಟ್ರದ ಕಡೆಯಿಂದ ಬಿಟ್ಟ ನೀರು, ಇಲ್ಲಿ ಸುರಿದ ಮಳೆ ಎರಡೂ ಸೇರಿ ಕಲಬುರಗಿ, ಯಾದಗಿರಿ, ವಿಜಯಪುರದ ನದಿದಂಡೆಯ ಊರುಗಳು ಮುಳುಗಿದವು. ನಮ್ಮನ್ನು ಕಾಳಜಿ ಕೇಂದ್ರಕ್ಕೆ ಸಾಗಿಸಿದರು. ನಾಲ್ಕು ದಿನ ಅವ್ವ ಒದ್ದೆ ನೆಲದ ಮೇಲೆ, ಕೆಸರು ಕಾಲಲ್ಲಿ ಓಡಾಡಿದಳು. ನೀರು ಇಳಿದ ಮೇಲೆ ಮನೆಯೊಳಗಿನ ರಾಡಿ ಬಳಿಯುವಾಗ ಮೊಳೆಯೋ ಮುಳ್ಳೋ ಏನೋ ಹಿಮ್ಮಡಿಗೆ ತಾಗಿತು. ಬೆರಳ ಸಂದಿಗಳು ಅಷ್ಟೊತ್ತಿಗೆ ಕೆಸರುಹುಣ್ಣಾಗಿ ಬೆಳ್ಳಗೆ ಬಿರಿದಿದ್ದವು. ಮರುದಿನ ಜ್ವರ.

ಅದು ಕೋವಿಡ್ ಕಾಲ. ಜ್ವರ ಅಂದಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಮೂಗಿನ ದ್ರವ ತೆಗೆದು ದೂರ ಕೂರಿಸಿದರು. ಆ ಕಾಲಕ್ಕೆ ಅದು ಸರಿಯೇ ಇದ್ದೀತು. ಆಮೇಲೆ ಕಾಲು ನೋಡಿದರು, ಮುಟ್ಟಲಿಲ್ಲ. "ಫೈಲೇರಿಯಾ ಅದ, ಅದರ ಜ್ವರ ಹಿಂಗೇ ಇರ್ತದ" ಎಂದು ಹನ್ನೆರಡು ದಿನದ ಡಿಇಸಿ ಎಂಬ ಹುಳದ ಗುಳಿಗೆಯನ್ನೂ ಜ್ವರದ ಗುಳಿಗೆಯನ್ನೂ ಕೊಟ್ಟು ಕಳಿಸಿದರು. ಹಿಂದಿನ ಎಷ್ಟೋ ಜ್ವರಗಳಿಗೆ ಆಕೆಗೆ ಸಿಕ್ಕ ಔಷಧವೂ ಅದೇ. ಮೂರನೆಯ ದಿನ ಕಾಲ ಮೇಲೆ ನೀರ್ಗುಳ್ಳೆ ಎದ್ದವು, ಒಂದು ಕಡೆ ಚರ್ಮ ಕಪ್ಪಾಯಿತು. ಅವ್ವ ನನ್ನನ್ನು ತನ್ನ ಸತ್ತ ತಂಗಿಯ ಹೆಸರಿನಿಂದ ಕರೆಯತೊಡಗಿದಳು. ಶಹರದ ಆಸ್ಪತ್ರೆಗೆ ಒಯ್ದಾಗ ನಂಜು ರಕ್ತಕ್ಕೇರಿದೆ ಎಂದರು. ಹನ್ನೊಂದು ದಿನ ಅಲ್ಲಿದ್ದೆವು. ಕಿರುಬೆರಳು ತೆಗೆದರು. ಅವ್ವನ ಬೋರಮಾಳ ಒತ್ತೆ ಹೋದದ್ದು ಇನ್ನೂ ಬಂದಿಲ್ಲ.

ಅಲ್ಲಿಯ ಒಬ್ಬ ಕಿರಿಯ ವೈದ್ಯರು ಮೊದಲ ದಿನವೇ ಮಾಡಿದ ಕೆಲಸವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕೈಗವಸು ಹಾಕಿಕೊಂಡು ಅವ್ವನ ಪಾದದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಾತ ಬೆರಳುಗಳನ್ನು ಒಂದೊಂದಾಗಿ ಅಗಲಿಸಿದರು. ಒಳಗಿನ ಬಿರುಕನ್ನು ನನಗೆ ತೋರಿಸಿ, "ಇದು ಹುಳದ ಜ್ವರ ಅಲ್ಲ ಮೇಡಂ, ಈ ಸಂದಿಯಿಂದ ಒಳಗೆ ಹೋದ ಬ್ಯಾಕ್ಟೀರಿಯಾದ ಜ್ವರ. ಇಷ್ಟು ವರ್ಷ ಬಂದದ್ದೂ ಇದೇ ಇರಬೇಕು" ಅಂದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಕಾಯಿಲೆಯಲ್ಲಿ ಅವ್ವನ ಬೆರಳ ಸಂದಿಯನ್ನು ಬಿಡಿಸಿ ನೋಡಿದ ಮೊದಲ ವೈದ್ಯರು ಅವರು.

ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ. ತಮಗೆ ಗೊತ್ತಿರುವ ವಿಷಯವೇ. ಆದರೆ ಈ ಕಾಗದ ನಮ್ಮಂಥ ಮನೆಗಳವರೂ ಓದಲಿ ಎಂಬ ಆಸೆಯಿದೆ. ಕ್ಯೂಲೆಕ್ಸ್ ಸೊಳ್ಳೆ ಒಬ್ಬರಿಂದ ಒಬ್ಬರಿಗೆ ದಾಟಿಸುವ ದಾರದಂಥ ಫೈಲೇರಿಯಾ ಹುಳಗಳು ನಮ್ಮ ಮೈಯ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ದುಗ್ಧನಾಳವೆಂದರೆ ಮೈಯ ಬಸಿಗಾಲುವೆ. ಹುಳಗಳಿಂದ ಆ ಕಾಲುವೆ ಹಿಗ್ಗಿ ಕೆಡುತ್ತದೆ. ಬಸಿಗಾಲುವೆ ಕೆಟ್ಟ ಹೊಲ ಹೇಗೆ ಜವಳು ಹಿಡಿಯುತ್ತದೋ ಹಾಗೆ ಕಾಲಿನಲ್ಲಿ ನೀರು ನಿಲ್ಲುತ್ತದೆ. ಹುಳಗಳು ಒಂದು ದಿನ ಸಾಯುತ್ತವೆ, ಕೆಟ್ಟ ಕಾಲುವೆ ಹಾಗೆಯೇ ಉಳಿಯುತ್ತದೆ. ಸೋಂಕಿನ ಎದುರು ಮೈ ಕಾಯುವ ಕಣಗಳು ಓಡಾಡುವ ದಾರಿಯೂ ಅದೇ ಆದ್ದರಿಂದ, ಆ ಕಾಲು ಕಾವಲಿಲ್ಲದ ಊರಾಗುತ್ತದೆ. ನನ್ನ ಕಾಲಿನ ಬೆರಳಸಂದಿ ಬಿರಿದರೆ ಎರಡು ದಿನ ತುರಿಸಿ ಹೋಗುತ್ತದೆ. ಅವ್ವನ ಕಾಲಿನಲ್ಲಿ ಅದೇ ಬಿರುಕು ಹೆಬ್ಬಾಗಿಲು. ಸಾಮಾನ್ಯವಾಗಿ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಜ್ವರ ಬರುತ್ತದೆ, ಅಳಿದುಳಿದ ಬಸಿಗಾಲುವೆಯನ್ನೂ ಆ ಜ್ವರವೇ ಕೆಡಿಸುತ್ತದೆ. ಕಾಲು ಇನ್ನಷ್ಟು ಬಾಯುತ್ತದೆ, ಚರ್ಮ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ತೇವ ನಿಂತು ಹೊಸ ಬಿರುಕಾಗುತ್ತದೆ. ಒಂದು ರೋಗ ಬಾಗಿಲು ತೆರೆದಿಟ್ಟು ಹೋಗಿದೆ, ಇನ್ನೊಂದು ಆ ಬಾಗಿಲಿನಿಂದ ಮತ್ತೆ ಮತ್ತೆ ಬರುತ್ತಿದೆ. ನಾವು ಮೊದಲನೆಯದಕ್ಕೆ ಗುಳಿಗೆ ನುಂಗಿಸುತ್ತ ಎರಡನೆಯದನ್ನು ನೋಡದೆ ಕೂತಿದ್ದೇವೆ.

ಇದು ಈಗಷ್ಟೇ ಗೊತ್ತಾದ ಸಂಗತಿಯಾಗಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಗೆರೂಸಾ ಡ್ರೇಯರ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ಈ ಜ್ವರಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದವು ಎಂದು ತೋರಿಸಿ, ರೋಗಿಗಳನ್ನೇ ಗುಂಪುಗೂಡಿಸಿ ಕಾಲು ತೊಳೆಯುವುದನ್ನು ಕಲಿಸಿದರು. ಅದೇ ದಶಕದಲ್ಲಿ ನಮ್ಮ ಪಕ್ಕದ ಕೇರಳದ ಆಲಪ್ಪುಳದಲ್ಲಿ ವೈದ್ಯಕೀಯ ಕಾಲೇಜಿನ ವೈದ್ಯರು ದಿನವೂ ಕಾಲು ತೊಳೆದು, ಒರೆಸಿ, ಗಾಯಕ್ಕೆ ಮುಲಾಮು ಹಚ್ಚಿ ನೋಡಿಕೊಂಡರೆ ಜ್ವರದ ಸರದಿ ಇಳಿಯುತ್ತದೆಂದು ಪರೀಕ್ಷೆ ಮಾಡಿ ಕಂಡುಕೊಂಡರು. ಜ್ವರ ಏರಿರುವಾಗ ಹುಳದ ಔಷಧ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಗ ಬೇಕಾದದ್ದು ವಿಶ್ರಾಂತಿ, ತಣ್ಣೀರ ಬಟ್ಟೆ, ಜ್ವರದ ಗುಳಿಗೆ, ಪೆನಿಸಿಲಿನ್ ಜಾತಿಯ ಆ್ಯಂಟಿಬಯೋಟಿಕ್. ಅವ್ವನಿಗೆ 2020ರಲ್ಲಿ ಸಿಕ್ಕದ್ದು ಡಿಇಸಿ.

ಇನ್ನೂ ಹತ್ತಿರದ ಮಾತು. ಕನ್ನಡ ಮಾತಾಡುವ ಜನರಿರುವ ಕಾಸರಗೋಡಿನಲ್ಲಿ ಅನ್ವಯಿಕ ಚರ್ಮಶಾಸ್ತ್ರ ಸಂಸ್ಥೆಯೊಂದಿದೆ. ಡಾ. ಎಸ್.ಆರ್. ನರಹರಿ ಮತ್ತು ಅವರ ಜೊತೆಗಾರರು ಅಲ್ಲಿ ಸಾಬೂನು ನೀರು, ಆಯುರ್ವೇದದ ಕಷಾಯದಲ್ಲಿ ಕಾಲು ನೆನೆಸುವುದು, ಯೋಗ, ಬಿಗಿಪಟ್ಟಿ ಎಲ್ಲವನ್ನೂ ಆಧುನಿಕ ವೈದ್ಯದ ಜೊತೆ ಹೊಂದಿಸಿ ಬಾತ ಕಾಲುಗಳನ್ನು ನೋಡಿಕೊಳ್ಳುವ ಪದ್ಧತಿಯೊಂದನ್ನು ಬೆಳೆಸಿದ್ದಾರೆ. ಆ ಪದ್ಧತಿಯನ್ನು ಹಳ್ಳಿಯ ಮಟ್ಟದಲ್ಲಿ ನಡೆಸಿ ನೋಡಿದ್ದು ಎರಡು ಜಿಲ್ಲೆಗಳಲ್ಲಿ. ಒಂದು ಆಲಪ್ಪುಳ, ಇನ್ನೊಂದು ನಮ್ಮ ಕಲಬುರಗಿ. ಕಾಲಿನ ಗಾತ್ರವೂ ಜ್ವರದ ಸರದಿಯೂ ಇಳಿದವು, 2013ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮದೇ ನೆಲದ ಮೇಲೆ, ನಮ್ಮದೇ ಕಾಲುಗಳ ಮೇಲೆ ಸಿದ್ಧವಾದ ವಿದ್ಯೆ ಅದು. ಏಳು ವರ್ಷದ ನಂತರವೂ ಅದು ನಮ್ಮ ಊರಿನ ಆರೋಗ್ಯ ಕೇಂದ್ರದ ಹೊಸ್ತಿಲು ದಾಟಿರಲಿಲ್ಲ.

ಶಹರದ ಆಸ್ಪತ್ರೆಯಿಂದ ಹೊರಡುವ ದಿನ ಒಬ್ಬ ನರ್ಸಕ್ಕ ಅವ್ವನಿಗೆ ಕಾಲು ತೊಳೆಯುವುದನ್ನು ಕಲಿಸಿದರು. "ಕೂಸಿನ ಮೈ ತೊಳೆದಂಗ ತೊಳೀಬೇಕು, ಉಜ್ಜಬಾರದು." ಬೆಚ್ಚಗೂ ಇಲ್ಲದ, ಕೊರೆಯುವಂತೆಯೂ ಇಲ್ಲದ ನೀರು, ಮೈಗೆ ಹಚ್ಚುವ ಸಾದಾ ಸಾಬೂನು. ಮೊಣಕಾಲಿನಿಂದ ಕೆಳಗೆ ಬರುತ್ತ, ಒಂದೊಂದು ಮಡಿಕೆಯನ್ನೂ ಬಿಡಿಸಿ, ನೊರೆ ಪೂರ್ತಿ ಹೋಗುವವರೆಗೆ ನೀರು ಬಿಡಬೇಕು. ಆಮೇಲಿನ ಕೆಲಸವೇ ಮುಖ್ಯ. ತೆಳು ಹತ್ತಿಬಟ್ಟೆಯನ್ನು ಬೆರಳ ಸಂದಿಯಲ್ಲಿ ಇಟ್ಟು ನೀರು ಹೀರಿಸಬೇಕು, ತೇವ ಉಳಿಯಬಾರದು. ಸಂದಿ ಬೆಳ್ಳಗಾಗಿದ್ದರೆ ಶಿಲೀಂಧ್ರದ ಮುಲಾಮು, ಗಾಯವಿದ್ದರೆ ಗಾಯದ ಮುಲಾಮು. ಮಲಗುವಾಗ ಮಂಚದ ಕಾಲಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಬೇಕು. ಕೂತಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಬರಿಗಾಲಲ್ಲಿ ಹೊರಗೆ ಕಾಲಿಡಬಾರದು. ಇಷ್ಟೇ. ಕಲಿಸಲು ಅವರಿಗೆ ಹಿಡಿದದ್ದು ಅರ್ಧ ತಾಸು.

ಅವತ್ತಿನಿಂದ ಅವ್ವ ನನ್ನ ಶಾಲೆಯ ನಲವತ್ತು ಪುಟದ ವಹಿಯೊಂದನ್ನು ಇಟ್ಟುಕೊಂಡಿದ್ದಾಳೆ. ಆಕೆಗೆ ಬರೆಯಲು ಬರುವುದಿಲ್ಲ. ಕಾಲು ತೊಳೆದ ದಿನ ಒಂದು ಗೆರೆ, ಜ್ವರ ಬಂದ ದಿನ ಒಂದು ಸುನ್ನಿ, ಅಂದರೆ ಸೊನ್ನೆ. ತಾರೀಖು ನಾನು ಬರೆಯುತ್ತೇನೆ. 2021ರಲ್ಲಿ ಮೂರು ಸಲ ಜ್ವರ ಬಂತು. 2022ರಲ್ಲಿ ಒಂದು, 2023ರಲ್ಲಿ ಒಂದು. ಅಮಾವಾಸ್ಯೆಯ ಲೆಕ್ಕವನ್ನೂ ನೋಡಿದೆ. ಸುನ್ನಿಗಳು ಚಂದ್ರನ ಹಿಂದೆ ಹೋಗಿರಲಿಲ್ಲ, ಮಳೆಯ ಹಿಂದೆ ಹೋಗಿದ್ದವು. ಕಾಲು ಒದ್ದೆಯಿರುವ ಆಷಾಢ, ಶ್ರಾವಣ, ಭಾದ್ರಪದದಲ್ಲೇ ಬಿದ್ದಿದ್ದವು. 2024ರ ಮೇ ತಿಂಗಳಲ್ಲಿ ಮಾತ್ರ ಮಳೆಯಿಲ್ಲದೆಯೂ ಒಂದು ಸುನ್ನಿ ಇದೆ. ಹಿಂದಿನ ವರ್ಷದ ಬರದಿಂದ ಆ ಬೇಸಿಗೆ ಊರಿಗೆ ಟ್ಯಾಂಕರ್ ನೀರು. ಕೊಡ ಲೆಕ್ಕ ಹಾಕಿ ಕುಡಿಯುವ ದಿನಗಳಲ್ಲಿ ಒಂದು ಬಕೆಟ್ ನೀರನ್ನು ಕಾಲಿಗೆ ಸುರಿಯಲು ಅವ್ವನಿಗೆ ಮನಸ್ಸಾಗಲಿಲ್ಲ. ಹದಿನಾರು ದಿನ ಗೆರೆಗಳಿಲ್ಲ, ಹದಿನೇಳನೆಯ ದಿನ ಸುನ್ನಿ.

ಈಗ ಕಿಟ್ಟಿನ ವಿಷಯ. ಒಂದು ಟಬ್ಬು, ಒಂದು ಮಗ್ಗು, ಸಾಬೂನು, ಟವೆಲ್ಲು, ಮುಲಾಮು ಇರುವ ಕಿಟ್ಟು ನಮಗೂ ಒಮ್ಮೆ ಬಂತು. ಮರದ ಕೆಳಗೆ ಕುರ್ಚಿ ಹಾಕಿ, ಊರಿನ ಆನೆಕಾಲಿನವರನ್ನೆಲ್ಲ ಸಾಲಾಗಿ ಕೂರಿಸಿ, ಸೀರೆ ಮೊಣಕಾಲಿಗೆ ಎತ್ತಿಸಿ ಫೋಟೊ ತೆಗೆದು ಕೊಟ್ಟರು. ಇಪ್ಪತ್ತಾರು ವರ್ಷ ನಿರಿಗೆ ಉದ್ದ ಬಿಟ್ಟು ಆ ಕಾಲನ್ನು ಮುಚ್ಚಿಕೊಂಡು ಮದುವೆಮನೆಗಳ ಹಿಂಬಾಗಿಲಲ್ಲಿ ಉಂಡು ಬಂದವಳು ಅವ್ವ. ನನ್ನ ಮದುವೆಯ ಮಾತುಕತೆಯಲ್ಲಿ "ಇದು ವಂಶದಾಗ ಬರ್ತದೇನು" ಎಂದು ಕೇಳಿದವರ ಎದುರು ಕಣ್ಣು ಕೆಳಗೆ ಹಾಕಿ ಕೂತವಳು. ಫೋಟೊ ತೆಗೆದ ದಿನ ರಾತ್ರಿ ಆಕೆ ಉಣ್ಣಲಿಲ್ಲ. ಆದರೂ ಕಿಟ್ಟು ಬೇಕಾಗಿತ್ತು, ತೆಗೆದುಕೊಂಡಳು. ಸಾಬೂನು ಒಂದೂವರೆ ತಿಂಗಳಿಗೆ ಮುಗಿಯಿತು, ಮುಲಾಮು ಮೂರು ವಾರಕ್ಕೆ. ಆಮೇಲೆ ಕೇಳಲು ಹೋದರೆ "ಕೊಟ್ಟಾಗ್ಯದಲ್ಲ, ನಿಮ್ಮ ಹೆಸರಿನ ಮುಂದ ಟಿಕ್ ಅದ" ಎಂದರು. ಟಬ್ಬು ಇನ್ನೂ ಇದೆ. ಟಬ್ಬು ಒಡೆಯುವವರೆಗೆ ನಾವು ಔಷಧ ಪಡೆದವರ ಪಟ್ಟಿಯಲ್ಲೇ ಇರುತ್ತೇವೆ.

ಅಧಿಕಾರಿಗಳೆಲ್ಲ ಕೈಕಟ್ಟಿ ಕೂತಿದ್ದಾರೆಂದು ಹೇಳುವ ಉದ್ದೇಶ ನನಗಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಈ ದೇಶದಲ್ಲಿ ಫೈಲೇರಿಯಾದ ವಿರುದ್ಧ ಸರ್ಕಾರದ ಕೆಲಸ 1955ರಿಂದ ನಡೆದಿದೆ. 2004ರಿಂದ ಊರೂರಿಗೆ ಗುಳಿಗೆ ನುಂಗಿಸುವ ಕಾರ್ಯಕ್ರಮ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ, ಕರಾವಳಿಯಲ್ಲಿ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆ ತಿರುಗಿ, ಕಣ್ಣೆದುರೇ ಗುಳಿಗೆ ನುಂಗಿಸಿ, ಬೆರಳಿಗೆ ಮಸಿ ಹಚ್ಚಿದ್ದಾರೆ. ಡಿಇಸಿ, ಆಲ್ಬೆಂಡಜೋಲ್ ಎರಡರ ಜೊತೆಗೆ ಐವರ್ಮೆಕ್ಟಿನ್ ಸೇರಿಸಿ ಮೂರು ಔಷಧ ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ಪರೀಕ್ಷೆ ನಡೆದಾಗ, ಭಾರತದ ಪರೀಕ್ಷೆ ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ. ಇಲ್ಲಿಯ ಜನ ನುಂಗಿದ ಗುಳಿಗೆಯಿಂದ ಬೇರೆ ದೇಶಗಳ ಮಕ್ಕಳೂ ಈ ರೋಗದಿಂದ ಪಾರಾಗುತ್ತಿದ್ದಾರೆ. ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಬೆರಳು ಚುಚ್ಚಿ ಪರೀಕ್ಷಿಸುವುದು ಏತಕ್ಕೆಂದು ನನಗೆ ಗೊತ್ತು. ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡದೇ ಹೋದರೆ ಆ ಮಗುವಿನ ಮೈಗೆ ಹುಳ ಸೇರಿಲ್ಲ ಎಂದರ್ಥ. ಅದು ಸಣ್ಣ ಸಾಧನೆಯಲ್ಲ, ಅದಕ್ಕಾಗಿ ದುಡಿದವರಿಗೆ ಕೈಮುಗಿಯುತ್ತೇನೆ.

ನನ್ನ ಭಯ ಇರುವುದು ಆ ಸಾಧನೆ ಪೂರ್ತಿಯಾಗುವ ದಿನದ ಬಗ್ಗೆ. ದೇಶದಿಂದ ಫೈಲೇರಿಯಾ ತೊಲಗಿಸಲು 2015 ಎಂಬ ಗಡುವಿತ್ತು, ಅದು ಮುಂದಕ್ಕೆ ಹೋಗುತ್ತ ಹೋಗುತ್ತ ಈಗ 2027 ಎಂದಾಗಿದೆ. ಹರಡುವುದು ನಿಂತಿತು ಎಂದು ಒಂದು ಜಿಲ್ಲೆ ಪರೀಕ್ಷೆಯಲ್ಲಿ ಪಾಸಾದಾಗ ಗುಳಿಗೆ ನಿಲ್ಲುತ್ತದೆ. ನಿಲ್ಲಬೇಕಾದದ್ದೇ. ಆದರೆ ಗುಳಿಗೆಯ ಜೊತೆಗೆ ಮನೆಬಾಗಿಲಿಗೆ ಬರುವ ಹೆಜ್ಜೆಯೂ ನಿಂತರೆ? ಹೊಸ ಆನೆಕಾಲು ಕಡಿಮೆಯಾಗುತ್ತವೆ, ಆದರೆ ಆಗಿರುವ ಕಾಲುಗಳು ಇನ್ನೂ ಇಪ್ಪತ್ತು ಮೂವತ್ತು ವರ್ಷ ನಡೆಯಬೇಕು. ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಹೀಗೆ ಬಾತ ಕೈಕಾಲುಗಳೊಂದಿಗೆ ಬದುಕುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದೇ ಹುಳದಿಂದ ಹೈಡ್ರೊಸೀಲ್ (ವೃಷಣದ ಚೀಲದಲ್ಲಿ ನೀರು ತುಂಬುವುದು) ಆದ ಗಂಡಸರಿಗೆ ಶಸ್ತ್ರಚಿಕಿತ್ಸೆಯಾದರೂ ಉಂಟು, ಒಮ್ಮೆ ಮಾಡಿದರೆ ಲೆಕ್ಕ ಮುಗಿಯಿತು. ಕಾಲಿಗೆ ಅಂಥ ಒಂದು ದಿನದ ಪರಿಹಾರವಿಲ್ಲ. ದಿನವೂ ಬೇಕಾಗುವ ಸೇವೆ ಅದು, ಬಹುಶಃ ಅದಕ್ಕೇ ಯಾರ ಗುರಿಪಟ್ಟಿಯಲ್ಲೂ ಸರಿಯಾಗಿ ಕೂರುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಒಂದು ದೇಶದಲ್ಲಿ ಫೈಲೇರಿಯಾ ತೊಲಗಿತೆಂದು ಮುದ್ರೆ ಹಾಕುವ ಮುನ್ನ ಹರಡುವಿಕೆಯ ಲೆಕ್ಕದ ಜೊತೆಗೆ ಇರುವ ರೋಗಿಗಳಿಗೆ ಎಲ್ಲೆಲ್ಲಿ ಆರೈಕೆ ಸಿಗುತ್ತದೆ ಎಂಬ ಲೆಕ್ಕವನ್ನೂ ಕೇಳುತ್ತದೆ. ಶ್ರೀಲಂಕಾ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ ಆ ಎರಡೂ ಲೆಕ್ಕ ಒಪ್ಪಿಸಿ ಮುದ್ರೆ ಪಡೆದವು. ನಮ್ಮ ಕೇಂದ್ರದಲ್ಲಿ ಎರಡನೇ ಲೆಕ್ಕವೆಂದರೆ ಅವ್ವನ ಹೆಸರಿನ ಮುಂದಿರುವ ಆ ಒಂದು ಟಿಕ್.

ಆದ್ದರಿಂದ ನಾನು ಕೇಳುವುದರಲ್ಲಿ ಮೊದಲನೆಯದು ಕಾಲಂ. ಆನೆಕಾಲಿನವರ ಪಟ್ಟಿ ಇರುವ ವಹಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಹೋದ ತಿಂಗಳು ಎಷ್ಟು ಸಲ ಜ್ವರ ಬಂತು, ಎಷ್ಟು ದಿನ ಮಲಗಿದರು ಎಂದು ಬರೆಯುವ ಎರಡು ಕಾಲಂ ಬೇಕು. ಓದು ಬಾರದ ನನ್ನ ಅವ್ವ ಗೆರೆ ಸುನ್ನಿ ಹಾಕಿ ಈ ಲೆಕ್ಕ ಇಡುತ್ತಾಳೆ. ಇದು ಯಾರಿಂದಲೂ ಆಗುವ ಕೆಲಸ. ನುಂಗಿಸಿದ ಗುಳಿಗೆ ಎಣಿಸಿದಂತೆ ಬಾರದೆ ಹೋದ ಜ್ವರವನ್ನೂ ಎಣಿಸಿ ನೋಡಿ. ಯಾವ ಊರಿನಲ್ಲಿ ಸಾಬೂನು ಮುಗಿದಿದೆ, ಎಲ್ಲಿ ನೀರಿಲ್ಲ, ಎಲ್ಲಿ ಮುಲಾಮು ತಲುಪಿಲ್ಲ ಎಂದು ಆ ಎರಡು ಕಾಲಮ್ಮುಗಳೇ ಹೇಳುತ್ತವೆ.

ಎರಡನೆಯದು ಜ್ವರ ಬಂದ ದಿನವೇ ಔಷಧ. ಹದಿನೆಂಟು ಕಿಲೋಮೀಟರ್ ದೂರದ ಆಸ್ಪತ್ರೆಗೆ, ಬಸ್ಸು ಬರುವ ವೇಳೆ ನೋಡಿ, ನೆಲಕ್ಕೆ ಊರಲಾಗದ ಕಾಲಲ್ಲಿ ಹೋಗಲು ಎರಡು ದಿನ ಬೇಕು. ನಂಜಿಗೆ ಅಷ್ಟು ತಾಳ್ಮೆ ಇಲ್ಲ. ಉಪಕೇಂದ್ರದಲ್ಲೇ, ವೈದ್ಯರು ಮೊದಲೇ ಬರೆದಿಟ್ಟ ಸೂಚನೆಯ ಮೇರೆಗೆ, ಮೊದಲ ದಿನದ ಆ್ಯಂಟಿಬಯೋಟಿಕ್ ಸಿಗುವಂತೆ ಮಾಡಿ. ಪೆನಿಸಿಲಿನ್ ಒಗ್ಗದವರು ಯಾರೆಂದು ಪಟ್ಟಿಯಲ್ಲಿ ಗುರುತು ಹಾಕಿಡಿ. ಮೈ ಪೂರಾ ಬಿಸಿಯೇರಿ ಮಾತು ತಪ್ಪಿದರೆ, ಕಾಲಲ್ಲಿ ಗುಳ್ಳೆ ಎದ್ದರೆ, ಚರ್ಮ ಕಪ್ಪಾದರೆ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಓಡಿ ಎಂದು ಮನೆಯವರಿಗೆ ಬಾಯಿಮಾತಿನಲ್ಲಾದರೂ ಹೇಳಿ. 2020ರಲ್ಲಿ ನನಗೆ ಯಾರಾದರೂ ಇಷ್ಟು ಹೇಳಿದ್ದರೆ ನಾನು ಮೂರನೆಯ ದಿನದವರೆಗೆ ಕೂತಿರುತ್ತಿರಲಿಲ್ಲ.

ಕಿಟ್ಟನ್ನು ಒಂದು ಸಲದ ಕಾಣಿಕೆ ಎಂದು ತಿಳಿಯಬೇಡಿ. ಟಬ್ಬು ಒಮ್ಮೆ ಸಾಕು, ಸಾಬೂನು ಮತ್ತು ಮುಲಾಮು ತಿಂಗಳು ತಿಂಗಳು ಬೇಕು. ಸಕ್ಕರೆ ಕಾಯಿಲೆಯವರಿಗೆ, ಬಿ.ಪಿ. ಇರುವವರಿಗೆ ತಿಂಗಳ ಗುಳಿಗೆ ಕೊಡುವ ಅದೇ ಬಾಗಿಲಲ್ಲಿ ಇದನ್ನೂ ಕೊಡಬಹುದು. ಇಲ್ಲಿ ಇನ್ನೊಂದು ಮಾತು ಹೇಳಬೇಕು. ಸ್ಪರ್ಶ ಸತ್ತ ಕುಷ್ಠದ ಪಾದ, ಸಕ್ಕರೆ ಕಾಯಿಲೆಯಲ್ಲಿ ಜೋಮು ಹಿಡಿದ ಪಾದ, ಅವ್ವನ ಆನೆಕಾಲು, ಈ ಮೂರೂ ಮೂರು ಬೇರೆ ಕಾರ್ಯಕ್ರಮಗಳ ಮೂರು ಬೇರೆ ವಹಿಯಲ್ಲಿವೆ. ಮೂರನ್ನೂ ಹಾಳುಮಾಡುವುದು ಮಾತ್ರ ಒಂದೇ, ಯಾರೂ ನೋಡದ ಸಣ್ಣ ಗಾಯ. ಪಾದ ತೊಳೆದು, ಬೆರಳು ಬಿಡಿಸಿ ನೋಡಿ, ಗಾಯಕ್ಕೆ ಪಟ್ಟಿ ಕಟ್ಟಲು ಬಲ್ಲ ಒಬ್ಬ ನರ್ಸಮ್ಮ, ವಾರದಲ್ಲಿ ಒಂದು ದಿನ, ಒಂದು ಬೆಂಚು, ಒಂದು ನಲ್ಲಿ. ಮೂರೂ ಪಾದಗಳಿಗೆ ಅಷ್ಟು ಸಾಕು. ಹಾಗೆ ಮಾಡಿದರೆ ಯಾರನ್ನೂ ಮರದ ಕೆಳಗೆ ಸಾಲಾಗಿ ಕೂರಿಸಿ ಫೋಟೊ ತೆಗೆಯಬೇಕಾಗುವುದಿಲ್ಲ.

ಚಪ್ಪಲಿಯ ವಿಷಯ ಸಣ್ಣದಾಗಿ ಕಾಣಬಹುದು. ಅಂಗಡಿಯ ಯಾವ ಚಪ್ಪಲಿಯೂ ಆ ಪಾದಕ್ಕೆ ಹತ್ತುವುದಿಲ್ಲ. ನಮ್ಮೂರಿನ ಚಪ್ಪಲಿ ಹೊಲಿಯುವ ಅಜ್ಜ ಅಗಲ ಪಟ್ಟಿಯ ಒಂದು ಜೋಡಿ ಮಾಡಿಕೊಟ್ಟರು, ಅವರು ತೀರಿಕೊಂಡ ಮೇಲೆ ಅಂಥದ್ದು ಮಾಡುವವರಿಲ್ಲ. ಬರಿಗಾಲಿನ ಹೆಣ್ಣು ತೊಗರಿಯ ಕೂಳೆಯಲ್ಲಿ, ಜಾಲಿಮುಳ್ಳಿನಲ್ಲಿ ನಡೆದರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಹೆಸರಿದೆ, ಆನೆಕಾಲಿನ ಹೆಸರಿಲ್ಲ. ಪ್ರಮಾಣಪತ್ರ ಕೇಳಲು ಹೋದಾಗ ಅವ್ವನಿಗೆ "ಕಾಲು ಅದಲ್ಲ, ನಡೀತೀಯಲ್ಲ" ಎಂಬ ಉತ್ತರ ಸಿಕ್ಕಿತು. ಹೌದು, ನಡೆಯುತ್ತಾಳೆ. ವರ್ಷದಲ್ಲಿ ಎಷ್ಟು ದಿನ ನಡೆಯಲಾಗಲಿಲ್ಲ ಎಂದು ತೋರಿಸುವ ಕಾಗದ ಸರ್ಕಾರದ ಬಳಿ ಇಲ್ಲ, ಅವ್ವನ ಬಳಿ ಇದೆ.

ಆ ವಹಿಯ ನಕಲನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಗೆರೆಗಳನ್ನು ಎಣಿಸುವುದು ಬೇಡ, ಸುನ್ನಿಗಳನ್ನು ನೋಡಿ, ಅವುಗಳ ಹಿಂದಿನ ವಾರದಲ್ಲಿ ಗೆರೆ ಎಲ್ಲಿ ತಪ್ಪಿದೆ ಎಂದು ನೋಡಿ. ನಮ್ಮ ಓಣಿಯಲ್ಲಿ ಇನ್ನೂ ಮೂವರು ಆನೆಕಾಲಿನವರಿದ್ದಾರೆ. ಅವರಿಗೂ ಅವ್ವ ತೊಳೆಯುವುದನ್ನು ಕಲಿಸಿದ್ದಾಳೆ, ನಾನು ಮೂರು ವಹಿ ತಂದುಕೊಟ್ಟಿದ್ದೇನೆ. ಆರೋಗ್ಯ ಕೇಂದ್ರದಲ್ಲಿ ಮುಲಾಮು ಕೇಳಿ ಬಂದೆ, ಮುಂದಿನ ತಿಂಗಳು ಬರಬಹುದು ಎಂದರು. ಮಿರಗದ ಮಳೆ ಶುರುವಾಗಿ ಒಂಬತ್ತು ದಿನವಾಯಿತು. ಮನೆಯಲ್ಲಿರುವ ಟ್ಯೂಬಿನಲ್ಲಿ ನಾಲ್ವರ ಕಾಲಿಗೆ ಇನ್ನೊಂದು ವಾರಕ್ಕೆ ಆಗುವಷ್ಟಿದೆ.

ಇಂತಿ,
ಭೀಮಾ ದಂಡೆಯ ಒಬ್ಬ ಶಿಕ್ಷಕಿ